ಅವ್ವನ ಮಾತು ಸಹಜವಲ್ಲವೆಂದ ಯಂತ್ರ ಮಹೋದಯರಿಗೆ

ಅರ್ಜಿ ಪರಿಶೀಲನಾ ಯಂತ್ರ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ಮುಂಬಯಿಯ ಜೋಗೇಶ್ವರಿಯ ಒಂದು ಚಾಳಿನಿಂದ, ಎಂ.ಎ. ಎರಡನೇ ವರ್ಷದಲ್ಲಿ ಅನ್ವಯಿಕ ಭಾಷಾವಿಜ್ಞಾನ ಓದುತ್ತಿರುವ ಶಿವಕುಮಾರಿ ಶಾಂತಪ್ಪ ಮಾಡುವ ನಮಸ್ಕಾರಗಳು. ತಮಗೆ ಕೈಗಳಿಲ್ಲವಾದ್ದರಿಂದ ಪ್ರತಿನಮಸ್ಕಾರದ ನಿರೀಕ್ಷೆ ನನಗಿಲ್ಲ. ತಾವು ಎಲ್ಲಿದ್ದೀರೋ ಅಲ್ಲಿ ಕರೆಂಟು ಹೋಗದಿರಲಿ, ತಮ್ಮ ತಲೆ ಬಿಸಿಯಾಗದಿರಲಿ ಎಂದು ಹಾರೈಸುತ್ತೇನೆ.

ಸಮುದ್ರದಾಚೆಯ ವಿಶ್ವವಿದ್ಯಾಲಯವೊಂದರ ಭಾಷಾ ಸಂಗ್ರಹಾಲಯದಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ನಮ್ಮ ದೇಶದಿಂದ ಒಬ್ಬರನ್ನು ಆರಿಸುವ ಭಾರ ತಮ್ಮ ಮೇಲಿದೆ ಎಂದು ಬಲ್ಲೆ. ಇಬ್ಬರು ಪ್ರಾಧ್ಯಾಪಕರ ಶಿಫಾರಸು ಪತ್ರಗಳ ಜೊತೆಗೆ, ಮನೆಯ ಹಿರಿಯರೊಬ್ಬರು ಮಾತೃಭಾಷೆಯಲ್ಲಿ ಸಹಜವಾಗಿ ಆಡಿದ ಹತ್ತು ನಿಮಿಷದ ಮಾತನ್ನು ಧ್ವನಿಮುದ್ರಿಸಿ ಕಳುಹಿಸಬೇಕೆಂಬುದು ತಮ್ಮ ನಿಯಮ. ಎಷ್ಟು ಒಳ್ಳೆಯ ನಿಯಮ ಎಂದು ನಾನು ಆಗ ಹಿಗ್ಗಿದ್ದೆ, ಏಕೆಂದರೆ ನಮ್ಮ ಮನೆಯಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಮಾತಿಗೆ ಇರಲಿಲ್ಲ.

ನನ್ನ ಅವ್ವ ಲಕ್ಷ್ಮವ್ವ ಕಲಬುರಗಿ ಜಿಲ್ಲೆಯ ಸೇಡಂ ಕಡೆಯಿಂದ ಇಪ್ಪತ್ತಾರು ವರ್ಷಗಳ ಹಿಂದೆ ಈ ಊರಿಗೆ ಬಂದವಳು. ವಿಲೆ ಪಾರ್ಲೆಯಲ್ಲಿ ಒಂದು ಗುಜರಾತಿ, ಎರಡು ಮರಾಠಿ ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಅವಳ ಮಾತು ಅತ್ಯಂತ ಸಹಜವಾಗಿರುವುದು ಬೆಳಗಿನ ಐದೂ ಮುಕ್ಕಾಲಿಗೆ ನಮ್ಮ ಚಾಳಿನ ನಳದ ಹತ್ತಿರ. ಅಲ್ಲೇ ಫೋನು ಹಿಡಿದು ಮುದ್ರಿಸಿಕೊಂಡೆ. ಅದರ ಮೊದಲ ಸಾಲು ತಮ್ಮ ನೆನಪಿನಲ್ಲಿ ಇರಲೇಬೇಕು: “ಏ ಮಲ್ಲಕ್ಕಾ, ನಿನ್ ಬಾಲ್ಟಿ ಬಾಜೂಕ ಸರಸು, ನಂದು ಹಂಡೇ ಇನ್ನಾ ಆಧಾನೇ ತುಂಬ್ಯಾದ, ಪಾನಿ ಗಯಾ ಅಂದ್ರ ಶಾಮ್ ತನಕ ನಿಮ್ಮಪ್ಪ ತಂದ್ ಕೊಡ್ತಾನೇನು?” ಪಕ್ಕದ ಖೋಲಿಯ ಮಲ್ಲಕ್ಕ ಇದಕ್ಕೆ ಕೊಟ್ಟ ಉತ್ತರವನ್ನು ಮರ್ಯಾದೆಯ ದೃಷ್ಟಿಯಿಂದ ಇಲ್ಲಿ ಬರೆಯುತ್ತಿಲ್ಲ.

ಹನ್ನೊಂದು ಸೆಕೆಂಡುಗಳಲ್ಲಿ ತಾವು ತೀರ್ಪು ಕೊಟ್ಟಿರಿ. ಒಂದಕ್ಕಿಂತ ಹೆಚ್ಚು ಭಾಷೆಗಳು ಕಂಡುಬಂದಿವೆ, ಇದು ಸಹಜ ಮಾತಲ್ಲ, ಭಾಷೆ ಯಾವುದೆಂದು ಗುರುತಿಸಲಾಗುತ್ತಿಲ್ಲ, ಐದು ದಿನಗಳೊಳಗೆ ಬೇರೆಯದನ್ನು ಕಳುಹಿಸಿ. ಇಪ್ಪತ್ತಾರು ವರ್ಷ ಮುಂಬಯಿಯ ನೀರು ಕುಡಿದು ಕಟ್ಟಿಕೊಂಡ ಮಾತನ್ನು ಹನ್ನೊಂದು ಸೆಕೆಂಡುಗಳಲ್ಲಿ ಇಲ್ಲವಾಗಿಸಿದ ತಮ್ಮ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಇದೇ ಬಗೆಯ ಮಾತಿನ ಮೇಲೆ ಹದಿನಾಲ್ಕು ವರ್ಷಗಳಿಂದ ಸಂಶೋಧನೆ ಮಾಡುತ್ತಿದ್ದಾರೆ, ಪಾಪ.

ಈಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾಲ್ಕು ಭಾಷೆಗಳ ನಡುವೆ ಬದುಕುವವರು ಅವನ್ನು ಬೆರೆಸಿ ಆಡುವುದೇ ಸಹಜವೆಂದು ಪರೀಕ್ಷೆಯಲ್ಲಿ ಮೂರು ಪುಟ ಬರೆದು ಒಳ್ಳೆಯ ಅಂಕ ಪಡೆದ ನಾನೇ, ತಮ್ಮ ತೀರ್ಪು ಬಂದ ದಿನ ಅವ್ವನ ಮಾತು ತಿದ್ದಲು ಕೂತೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಿಂದ ನಿವೃತ್ತರಾದ ಚಂದ್ರಾಮ ಮಾಸ್ತರರ ಕಾಲು ಹಿಡಿದು ಎರಡು ಪುಟ ಬರೆಸಿಕೊಂಡು ಬಂದೆ. ಅವ್ವನಿಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದ್ದನ್ನು ಭಜನೆಯ ಪದ ಕಲಿತ ಹಾಗೆ ಕೇಳಿ ಕೇಳಿ, ಪರರ ಮನೆಯಲ್ಲಿ ಚಪಾತಿ ಲಟ್ಟಿಸುತ್ತ, ಲೋಕಲ್ ಗಾಡಿಯಲ್ಲಿ ನಿಂತು ತುಟಿ ಅಲ್ಲಾಡಿಸುತ್ತ ನಾಲ್ಕು ದಿನಗಳಲ್ಲಿ ಬಾಯಿಪಾಠ ಮಾಡಿದಳು. ಐದನೆಯ ದಿನ ಇಳಕಲ್ಲ ಸೀರೆ ಉಟ್ಟು, ನನ್ನ ಫೋನಿನ ಬೆನ್ನಿಗೆ ಕುಂಕುಮ ಹಚ್ಚಿ, ಅದರೆದುರು ಚಕ್ಕಳಮಕ್ಕಳ ಹಾಕಿ ಕೂತು, “ನಾನು ಪ್ರಾತಃಕಾಲದಲ್ಲಿ ಎದ್ದು ಜಲವನ್ನು ಸಂಗ್ರಹಿಸುತ್ತೇನೆ” ಎಂದು ಆರಂಭಿಸಿದಳು. ಹತ್ತು ನಿಮಿಷದಲ್ಲಿ ಒಂದು ಸಲವೂ ತಪ್ಪಲಿಲ್ಲ. ತಮಗೆ ಮಾತು ಕೇಳಿಸುವುದಷ್ಟೇ, ಅವ್ವ ಕಾಣಿಸುವುದಿಲ್ಲ, ಸೀರೆ ಯಾಕೆ ಎಂದು ನಾನು ಕೇಳಲಿಲ್ಲ.

ಅದಕ್ಕೆ ತಾವು ಸಹಜತೆಯಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟು ನನ್ನನ್ನು ಆರಿಸಿದಿರಿ. ಅಲ್ಲಿಗೆ ಬಂದು ಮೂರು ತಿಂಗಳು ಇದೇ ಧ್ವನಿಮುದ್ರಿಕೆಯನ್ನು ಅಕ್ಷರಕ್ಕಿಳಿಸಿ, ಮುಂಬಯಿಯ ಕನ್ನಡ ಹೆಂಗಸರು ಆಡುವ ಭಾಷೆ ಇದು ಎಂದು ಸಂಗ್ರಹಾಲಯಕ್ಕೆ ಸೇರಿಸಬೇಕೆಂದೂ ತಿಳಿಸಿದಿರಿ. ನಮ್ಮ ಚಾಳಿನವರೆಲ್ಲ ಪೇಢೆ ತಿಂದರು. ನಾನೂ ಎರಡು ತಿಂದೆ, ಸುಳ್ಳೇಕೆ ಹೇಳಲಿ.

ಆದರೆ ಮಾನ್ಯರೇ, ಆ ದಿನದಿಂದ ನಮ್ಮ ಅವ್ವ ಸರಿಯಾಗಿ ಮಾತಾಡುತ್ತಿಲ್ಲ. ನಳದ ಬಳಿ ಸುಮ್ಮನೆ ತುಂಬಿಕೊಂಡು ಬರುತ್ತಾಳೆ, ಊರಿನ ತಂಗಿಯ ಫೋನು ಬಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದೇ ಮಾತು ಆರಿಸುತ್ತಾಳೆ, ನನ್ನ ಗೆಳತಿಯರು ಬಂದರೆ ಚಹಾ ಇಟ್ಟು ಒಳಗೆ ಹೋಗುತ್ತಾಳೆ. ಲಕ್ಷ್ಮವ್ವನ ಗಂಟಲಿಗೆ ಏನಾಗಿದೆಯೆಂದು ಮಲ್ಲಕ್ಕನೇ ಬಂದು ವಿಚಾರಿಸಿದಳು. ಒತ್ತಾಯ ಮಾಡಿ ಕೇಳಿದ್ದಕ್ಕೆ ಅವ್ವ ಹೇಳಿದ್ದಿಷ್ಟು: “ನಂದು ಗಲತ್ ಅದ ಅಂತ ಮಷೀನೇ ಅಂದದಲ್ಲ ಶಿವೂ. ನಾಕ್ ಮಂದಿ ಮುಂದ ನಿಂದು ಇಜ್ಜತ್ ಯಾಕ ಕಳೀಲಿ?” ಅಂದು ಕಾಲೇಜಿಗೆ ಹೋಗುವ ಗಾಡಿಯಲ್ಲಿ ನಾನು ಅತ್ತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ತಾವು ಕೊಟ್ಟಿರುವುದು ಆನೆಯೂ ಅಲ್ಲ.

ಆದ್ದರಿಂದ ಕೆಲವು ಸಣ್ಣ ಕೋರಿಕೆಗಳು. ನಮ್ಮ ಲೋಕಲ್ ಗಾಡಿಯಲ್ಲಿ ಮುಂದಿನ ಸ್ಟೇಷನ್ನಿನ ಹೆಸರನ್ನು ಮೂರು ಭಾಷೆಗಳಲ್ಲಿ ಕೂಗುವ ತಮ್ಮ ಬಂಧುವೊಬ್ಬರಿದ್ದಾರೆ, ಅವರಿಗೂ ಅಸಹಜತೆಯ ನೋಟಿಸು ಕಳುಹಿಸಿ ಸಮಾನ ನ್ಯಾಯ ತೋರಬೇಕು. ಅವ್ವ ಅಡುಗೆ ಮಾಡುವ ಮೂರೂ ಮನೆಗಳವರು ಉಪ್ಪು ಕಡಿಮೆಯಾಯಿತೆಂದು ಇನ್ನು ಮುಂದೆ ಶುದ್ಧ ಕನ್ನಡದಲ್ಲೇ ಗದರುವಂತೆ ಆಜ್ಞೆ ಹೊರಡಿಸಬೇಕು. ಇವೆರಡೂ ಕಷ್ಟವೆನಿಸಿದರೆ ತಾವೇ ಒಂದು ಬಾಲ್ಟಿ ಹಿಡಿದು ಬೆಳಗ್ಗೆ ನಮ್ಮ ನಳಕ್ಕೆ ಬರಬೇಕು, ಅಪ್ಪಟ ಒಂದೇ ಭಾಷೆಯಲ್ಲಿ ಸರದಿ ಕೇಳಿ, ಅರ್ಧ ಬಾಲ್ಟಿ ತುಂಬಿಸಿಕೊಂಡು ತೋರಿಸಬೇಕು.

ಇವಾವೂ ಆಗದು ಎಂದಾದರೆ ಒಂದೇ ಒಂದನ್ನು ನಡೆಸಿಕೊಡಿ. ಎರಡನೆಯ ಧ್ವನಿಮುದ್ರಿಕೆಯ ಮಾತು ಚಂದ್ರಾಮ ಮಾಸ್ತರರದು, ಅವ್ವನದಲ್ಲ. ಅದನ್ನು ನಾನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಮೊದಲನೆಯದನ್ನು ಮತ್ತೆ ಲಗತ್ತಿಸಿದ್ದೇನೆ. ಅದನ್ನು ಒಪ್ಪಿದರೆ ಬರುತ್ತೇನೆ, ಇಲ್ಲವಾದರೆ ನನ್ನ ಸ್ಥಾನವನ್ನು ಬೇರೆಯವರಿಗೆ ಕೊಡಿ. ಬರಬೇಕೆಂಬ ಆಸೆ ನನಗೆ ಬಹಳ ಇದೆ, ವಿಮಾನ ನಿಲ್ದಾಣದ ಪಕ್ಕದ ಕಾಲೇಜಿನಲ್ಲೇ ಓದುತ್ತಿದ್ದರೂ ಇದುವರೆಗೆ ವಿಮಾನ ಹತ್ತಿಲ್ಲ. ಆದರೂ ಅವ್ವನ ಬಾಯಿ ಮುಚ್ಚಿಸಿ ಅವಳ ಮಾತಿನ ಮೇಲೆ ಪಾಂಡಿತ್ಯ ಮೆರೆಯಲು ನನ್ನಿಂದಾಗದು.

ತಮ್ಮ ವಿಶ್ವಾಸಿ,
ಶಿವಕುಮಾರಿ ಶಾಂತಪ್ಪ

ತಾ.ಕ.: ಕಳುಹಿಸುವ ಮೊದಲು ಈ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಮೂರು ವಾರಗಳ ಬಳಿಕ ಮೊದಲ ಸಲ ಅವಳು ಬಾಯಿ ತುಂಬ ಮಾತಾಡಿದಳು; ನಾಲ್ಕು ಭಾಷೆಗಳಲ್ಲಿ, ಎಲ್ಲೂ ತಡವರಿಸದೆ, ತಮ್ಮ ವಂಶವನ್ನು ಬುಡದಿಂದ ತುದಿಯವರೆಗೆ ಬೈದಳು. ಅದನ್ನೂ ಮುದ್ರಿಸಿ ಜೊತೆಗಿಟ್ಟಿದ್ದೇನೆ. ಅದರಲ್ಲಿನ ಹಲವು ಮಾತುಗಳು ಯಾವ ನಿಘಂಟಿನಲ್ಲೂ ಇಲ್ಲ, ಬಿಡಿಸಿ ಹೇಳಲು ಅಲ್ಲಿಗೆ ಒಬ್ಬರು ಬರಬೇಕಾಗುತ್ತದೆ. ನನ್ನ ಪಾಸ್‌ಪೋರ್ಟು ತಯಾರಿದೆ.