ಜಗಲಿ ಏರಿದ ಜಪಾನಿ

ಹೆಂಡತಿ ಕೇಳಿದ್ದು ಬಚ್ಚಲಿಗೊಂದು ಸ್ಟೂಲು. ನಾನು ತರಿಸಿದ್ದು ಜಪಾನಿನಿಂದ, ಕಟ್ಟಿಗೆಯ ಮೇಲೆ ಗೆರೆ ಎಳೆಯುವ ಸಾಧನ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ! ಗೆರೆಯಿಲ್ಲದೆ ಕೊಯ್ಯುವಂತಿಲ್ಲ, ಕೊಯ್ಯದೆ ಸ್ಟೂಲಿಲ್ಲ. (ಜೇವರ್ಗಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ತರ್ಕ ನನ್ನ ಹೊಟ್ಟೆಪಾಡು.)

ಸ್ಟೂಲು ಬೇಕಾಗಿದ್ದು ನಮ್ಮ ಅತ್ತೆ ಸುಭದ್ರಾಬಾಯಿಯವರಿಗೆ. ದೀಪಾವಳಿಗೆ ಯಡ್ರಾಮಿಯಿಂದ ಬರುವವರಿದ್ದರು. ಮೊಣಕಾಲು ನೋವು, ಸ್ನಾನಕ್ಕೆ ನೆಲದ ಮೇಲೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕು.

ಆದರೆ ಆ ಸಾಧನವನ್ನು ನೀವು ನೋಡಬೇಕಿತ್ತು! ಅಂಗೈಗೆ ಬೆಣ್ಣೆಯಂತೆ ಕೂರುವ ಓಕ್ ಮರದ ತುಂಡು, ಅದರೊಳಗೆ ಸದ್ದಿಲ್ಲದೆ ಜಾರುವ ಕೋಲು, ಕೋಲಿನ ತುದಿಗೆ ಅಕ್ಕಿಕಾಳಿನಷ್ಟು ಅಲಗು. ಹಲಗೆಯ ಅಂಚಿಗೆ ಒತ್ತಿ ಎಳೆದರೆ ಕೂದಲೆಳೆಯಂಥ ನೇರ ಗೆರೆ ಬೀಳುತ್ತದಂತೆ. (ಅಂತೆ. ನಾನು ಎಳೆದಿಲ್ಲ.) ಇಂಥ ಮಹಾಕೃತಿಯನ್ನು ಬಚ್ಚಲ ಸ್ಟೂಲಿಗೆ ಇಳಿಸುವುದೇ? ಮಹಾನವಮಿಗೆ ಆಯುಧ ಪೂಜೆಯ ನೆಪದಲ್ಲಿ ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದೆ, ಹೂವೇರಿಸಿದೆ. ಅದು ಅಲ್ಲೇ ಉಳಿಯಿತು. ಸ್ಟೂಲಿಗೆಂದು ತಂದ ಹಲಗೆಗಳು ಮಂಚದ ಕೆಳಗೆ ಉಳಿದವು.

“ಸ್ಟೂಲ ಎಲ್ಲಿಗೆ ಬಂತ್ರಿ?” ಎಂದಳು ಹೆಂಡತಿ ಭಾಗ್ಯಜ್ಯೋತಿ.

“ಗಡಿಬಿಡಿ ಮಾಡಬ್ಯಾಡ. ಇದು ಕಲಾ ಅದ.”

“ಕಲಾದ ಮ್ಯಾಲ ನಮ್ಮವ್ವ ಕುಂಡ್ರತಾಳೇನು?”

ಅತ್ತೆ ಬಂದೇಬಿಟ್ಟರು. ಬಂದವರೇ ಜಗಲಿಯತ್ತ ಬೊಟ್ಟು ಮಾಡಿದರು. “ಅದೇನ್ರಿ ಅದು?”

“ಜಪಾನದ್ದ್ರಿ, ಅತ್ತಿ.”

“ಜಪದ್ದಾ? ಅಯ್ಯ ಶಿವನ! ಯಾವ ಮಠದ್ದ್ರಿ?” ಎಂದು ಗಲ್ಲ ಬಡಿದುಕೊಂಡರು.

ಅಲ್ಲೇ ತಿದ್ದಬೇಕಿತ್ತು. ತಿದ್ದಿದರೆ ಸ್ಟೂಲಿನ ಮಾತು ಬರುತ್ತದೆ. ಕಣ್ಣು ಅರೆಮುಚ್ಚಿ, “ಭಾಳ ದೂರದ್ದ್ರಿ” ಎಂದುಬಿಟ್ಟೆ. (ದೂರದ್ದು ಎಂಬುದಂತೂ ಸುಳ್ಳಲ್ಲ.)

ಮರುದಿನ ಬೆಳಿಗ್ಗೆ ಹೆಂಡತಿಯೂ ಪಕ್ಕದ ಮನೆಯ ಶಮ್ಸುನ್ನಿಸಾ ಅವರೂ ಸೇರಿ ಅತ್ತೆಯನ್ನು ಬಚ್ಚಲಿನಿಂದ ಎಬ್ಬಿಸಿ ತಂದರು. ಅತ್ತೆ ನೇರ ಜಗಲಿಯ ಮುಂದೆ ಕೈಮುಗಿದು ನಿಂತರು.

“ಜಪದ ದೇವ್ರೇ, ಕುಂತ್ರ ಏಳಾಕ ಆಗವಲ್ದು. ಮೈಮ್ಯಾಲ ಬಟ್ಟಿ ಅರಿವಿ ಇಲ್ಲದಾಗ ‘ಎಬ್ಬಸ್ರೀ’ ಅಂತ ಮಂದಿನ್ನ ಕರಿಯಾಕ ಭಾಳ ನಾಚಿಕಿ ಬರತದ. ನಮ್ಮ ಅಳಿಯನ ಕೈಲೆ ಒಂದು ಸ್ಟೂಲ ಮಾಡಸಪ್ಪಾ.”

ನನ್ನ ಚಹಾ ನೆತ್ತಿಗೇರಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶಮ್ಸುನ್ನಿಸಾ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

“ತಪ್ಪಾತ್ರಿ, ಅತ್ತಿ. ಅದು ದೇವರಲ್ಲರಿ. ಕಟ್ಟಿಗಿ ಮ್ಯಾಲ ಗೆರಿ ಹೊಡಿಯೋ ಸಾಮಾನರಿ.”

“ಗೊತ್ತದ್ರಿ. ಭಾಗ್ಯಾ ಫೋನಿನ್ಯಾಗ ಹೇಳಿದ್ದಳು.”

“ಮತ್ತ ಕೈ ಯಾಕ ಮುಗದ್ರಿ?”

“ಕೆಲಸ ಮಾಡಿದ್ರ ಸಾಮಾನು. ಹೂವು ಏರಿಸ್ಕೊಂಡು, ಯಾರ ಏನು ಕೇಳಿದ್ರೂ ಸುಮ್ಮ ಕುಂತ್ರ ದೇವ್ರೇ ಅಲ್ಲೇನ್ರಿ?” ಎಂದವರು ಮಗಳತ್ತ ತಿರುಗಿದರು. “ಅದಕ್ಕ ನಾ ಮೊದಲಿಂದ ಹೇಳಾಕತ್ತೇನಿ ಬೇ, ನಿನ್ನ ಗಂಡ ದೇವರಂಥಾ ಮನಷ್ಯಾ ಅಂತ.”

ಅತ್ತೆ ಯಡ್ರಾಮಿಯ ತುಂಬ ಈ ಮಾತು ಹೇಳುವುದನ್ನು ಕೇಳಿ, ಇಷ್ಟು ವರ್ಷ ನಾನು ಎದೆಯುಬ್ಬಿಸಿಕೊಂಡು ಓಡಾಡಿದ್ದೆ.