ಇಂಗ್ಲಿಷ್ ಹಳ್ಳಿಯ ಹಿಂದಿನ ಓಣಿಯಿಂದ

ಇಂದ:
ಸೀನಪ್ಪ, ನಕ್ಷೆ ವಿಭಾಗ,
ಕೊಠಡಿ 14, ಹಿಂದಿನ ಓಣಿ,
‘ಇಂಗ್ಲಿಷ್ ವಿಲೇಜ್’ ಕಾಂಪೌಂಡ್, ಮೆಸಯೀದ್, ಕತಾರ್.

ಗೆ:
ಶ್ರೀ ಯಜ್ಞೇಶ್,
ಕಾಂಪೌಂಡ್ ಮ್ಯಾನೇಜರ್ ಅವರು, ಮುಂದಿನ ಸಾಲು.

ದಿನಾಂಕ: 12-3-2006

ವಿಷಯ: ಒಂದು ಶುಕ್ರವಾರದ ಮಟ್ಟಿಗೆ ಹನ್ನೊಂದು ಮಂದಿಯನ್ನು ಜಾನುವಾರುಗಳೆಂದು ಪರಿಗಣಿಸುವ ಕುರಿತು.

ಉಲ್ಲೇಖ: 1) ಹುಲ್ಲಿನ ಮೇಲೆ ಕೂರಬಾರದೆಂಬ ತಮ್ಮ ನೋಟೀಸು. 2) ನಮ್ಮ ಹಳ್ಳಿಯ ಮೂಲದ ಬಗ್ಗೆ ತಾವೇ ಹಂಚಿದ ಕೈಪಿಡಿ.

ಮಾನ್ಯರೇ,

1. ಕೈಪಿಡಿಯ ಪ್ರಕಾರ, ಹನ್ನೆರಡನೇ ಶತಮಾನದ ಇಂಗ್ಲೆಂಡಿನಲ್ಲಿ ಜಮೀನ್ದಾರನೊಬ್ಬನು ಚದುರಿದ್ದ ಒಕ್ಕಲುಗಳನ್ನು ಒಂದೆಡೆ ತಂದು, ನಡುವೆ ಹಸಿರು ಬಯಲು, ಅದರಲ್ಲೊಂದು ಕೊಳ, ಎರಡೂ ಬದಿಗೆ ಮನೆಸಾಲು, ಪ್ರತಿ ಮನೆಯ ಬೆನ್ನಿಗೆ ಉದ್ದನೆಯ ಹಿತ್ತಿಲು, ಅದರಾಚೆ ಹಿಂದಿನ ಓಣಿ, ಹೀಗೆ ಅಳೆದು ಊರು ಕಟ್ಟಿದನು. ತಾವು ಅದನ್ನೇ ಮರಳಿನಲ್ಲಿ ಕಟ್ಟಿಸಿದ್ದೀರಿ. ನಕ್ಷೆ ಎಳೆದವನು ನಾನೇ ಆದ ಕಾರಣ ತಪ್ಪುಗಳೂ ಗೊತ್ತು. ಗೋಪುರಕ್ಕೆ ಗಂಟೆಯಿಲ್ಲ. ಹಿತ್ತಿಲಿನ ಜಾಗದಲ್ಲಿ ಏಸಿ ಯಂತ್ರಗಳಿವೆ. ಹುಲ್ಲು ಪ್ಲಾಸ್ಟಿಕ್ಕಿನದು. ಒಡೆಯನ ಅಪ್ಪಣೆಯಿಲ್ಲದೆ ಒಕ್ಕಲು ಊರು ಬಿಡುವಂತಿರಲಿಲ್ಲ ಎಂಬ ಒಂದಂಶವನ್ನು ಮಾತ್ರ, ನಮ್ಮ ಪಾಸ್‌ಪೋರ್ಟುಗಳನ್ನು ಆಫೀಸಿನ ಕಪಾಟಿನಲ್ಲಿಟ್ಟು, ಚಾಚೂ ತಪ್ಪದೆ ಪಾಲಿಸಿದ್ದೀರಿ. ಅಭಿನಂದನೆಗಳು.

2. ವಿಸಿಟ್ ವೀಸಾದಲ್ಲಿ ಬಂದಿರುವ ತಮ್ಮ ತಾಯಿ ಲಲಿತಮ್ಮನವರು ಪ್ರತಿ ಶುಕ್ರವಾರ, ರಜೆಯ ದಿನ, ಬೆಳಿಗ್ಗೆ ಸದರಿ ಕೊಳದ ಬದಿಯಲ್ಲಿ ಕಾವ್ಯ ವಾಚನ ಮಾಡುತ್ತಿದ್ದರು. ಹಿಂದಿನ ಓಣಿಯ ನಾವು ಹತ್ತು ಮಂದಿ ಕೇಳುತ್ತಿದ್ದೆವು. ಅಕ್ಷರ ಕಲಿಯುವ ಮೊದಲೇ ಅಜ್ಜಿಯ ಬಾಯಿಂದ ಆ ಪದ್ಯಗಳನ್ನು ಕೇಳಿ ಬೆಳೆದವನು ನಾನು. ಕೇಳುವುದು ಬಿಟ್ಟರೆ ನನಗೆ ಬೇರೆ ಪೂಜೆ ಗೊತ್ತಿಲ್ಲ. ನಮ್ಮ ಕೋಣೆಗಳಲ್ಲಿ ರಾತ್ರಿ ಪಾಳಿಯವರು ಮಲಗಿರುತ್ತಾರೆ. ತಮ್ಮ ವಿಲ್ಲಾಕ್ಕೆ ನಮಗೆ ಪ್ರವೇಶವಿಲ್ಲ.

3. ದಿನಾಂಕ 24-2ರಂದು, ಸೋತ ರಾಜನೊಬ್ಬ ಕೊಳದೊಳಗೆ ಅಡಗಿ ಕುಳಿತ ಸಂಧಿ ನಡೆಯುತ್ತಿರಲು ತಾವು ಅತಿಥಿಗಳೊಂದಿಗೆ ಆಗಮಿಸಿ ವಾಚನ ನಿಲ್ಲಿಸಿದಿರಿ. “ಊರು ಅಂತ ಬೋರ್ಡು ಹಾಕಿದ್ದಿ. ಊರಲ್ಲಿ ಜನ ಕೂತ್ಕೊಳ್ಳುದಿಲ್ವನಾ?” ಎಂದು ತಾಯಿಯವರು ಕೇಳಿದ್ದಕ್ಕೆ ತಾವು, “ಇದು ನೋಡ್ಲಿಕ್ಕಿರುವ ಊರಮ್ಮ, ಕೂತ್ಕೊಳ್ಳಿಕ್ಕೆ ಅಲ್ಲ. ಖಲಾಸ್, ಎಲ್ರೂ ಏಳಿ” ಎಂದಿರಿ. ಅವರು ಪುಟದ ನಡುವೆ ಕನ್ನಡಕದ ದಾರವಿಟ್ಟು ಪುಸ್ತಕ ಮುಚ್ಚಿದರು. ಒಂದೇ ಸಂಧಿ ಉಳಿದಿದೆ. ವೀಸಾ 20ಕ್ಕೆ ಮುಗಿಯುತ್ತದೆ. ಮಂಗಳ ಹಾಡದೆ ವಿಮಾನ ಹತ್ತಿದರೆ ಅದು ಪಾಪವೆಂದು ಅವರು ಸರಿಯಾಗಿ ಉಣ್ಣುತ್ತಲೂ ಇಲ್ಲ. ಇದು ತಮ್ಮ ಮನೆಯೊಳಗಿನ ವಿಷಯವಾದ್ದರಿಂದ ತಮಗೆ ತಿಳಿದಿರಲಾರದು.

4. ಕೈಪಿಡಿಯ ಒಂಬತ್ತನೇ ಪುಟದಂತೆ, ಬಯಲು ಒಡೆಯನದಾದರೂ ಒಕ್ಕಲುಗಳ ದನ, ಕುರಿ, ಬಾತುಗಳಿಗೆ ಅಲ್ಲಿ ತಲೆತಲಾಂತರದ ಹಕ್ಕಿತ್ತು. ಮನುಷ್ಯರಾಗಿ ನಮಗೆ ಹಕ್ಕಿಲ್ಲದ ಕಾರಣ, 17-3ರ ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ನಮ್ಮನ್ನು ದನಗಳೆಂದು ನಮೂದಿಸಿಕೊಳ್ಳಬೇಕು. ಹುಲ್ಲನ್ನು ಮೇಯುವುದಿಲ್ಲ ಎಂದು ಈ ಮೂಲಕ ಮುಚ್ಚಳಿಕೆ ಬರೆದುಕೊಟ್ಟಿರುತ್ತೇವೆ. ಪಟ್ಟಿಯಲ್ಲಿ ಮೊದಲು ಹತ್ತೇ ಹೆಸರಿದ್ದವು. “ನನ್ನನ್ನೂ ದನ ಅಂತ ಬರ್ಕೊಳ್ಳಿ ಸೀನಪ್ಪ” ಎಂದು ತಾಯಿಯವರೇ ಹೇಳಿದ್ದರಿಂದ ಹನ್ನೊಂದನೆಯದನ್ನು ಸೇರಿಸಲಾಗಿದೆ.

ತಮ್ಮ ವಿಶ್ವಾಸಿ ಒಕ್ಕಲು,
ಸೀನಪ್ಪ

ಲಗತ್ತುಗಳು: ಜಾನುವಾರುಗಳ ಪಟ್ಟಿ, ಸಹಿ ಸಮೇತ. ಕೈಪಿಡಿಯ ಒಂಬತ್ತನೇ ಪುಟ.

ವಿ.ಸೂ.: ಸದರಿ ರಾಜನು ಹದಿನಾರು ದಿನಗಳಿಂದ ನೀರಿನೊಳಗೇ ಇದ್ದಾನೆ. ಹೊರಬರಲು ಅವನಿಗೂ ತಮ್ಮ ಅನುಮತಿ ಪತ್ರ ಬೇಕೇ ಎಂಬುದನ್ನು ಗುರುವಾರದೊಳಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರಿಕೆ.