ಧಾತ್ರಿಯ ಅನ್ನಪ್ರಾಶನಕ್ಕೆ ಒಂದು ಸ್ಪ್ಯಾನರ್

ಬೆಳಗಿನ ಜಾವ ಮಗುವಿಗೆ ಹಾಲೂಡಿಸಲು ಎದ್ದಾಗಲೆಲ್ಲ ವಿಭಾಳ ಜೊತೆ ಒಂದು ಚಿಂತೆಯೂ ಎದ್ದು ಕೂರುತ್ತಿತ್ತು. ಮಗಳು ಧಾತ್ರಿ ದೊಡ್ಡವಳಾದ ಮೇಲೆ ಏನು ಕೆಲಸ ಮಾಡುತ್ತಾಳೆ? ಧಾತ್ರಿಗೆ ಆಗಷ್ಟೇ ಆರು ತಿಂಗಳು ತುಂಬುತ್ತಿತ್ತು. ಸದ್ಯಕ್ಕೆ ಅವಳ ಉದ್ಯೋಗವೆಂದರೆ ಅಂಗಾತ ಮಲಗಿ, ತಿರುಗುವ ಫ್ಯಾನನ್ನು ಮೇಲ್ವಿಚಾರಣೆ ಮಾಡುವುದು. ಆ ಹುದ್ದೆಯನ್ನು ಆಕೆ ನಿಷ್ಠೆಯಿಂದ ನಿಭಾಯಿಸುತ್ತಿದ್ದಳು. ಆದರೆ ಫ್ಯಾನು ನೋಡುವ ಕೆಲಸವನ್ನೂ ನಾಳೆ ಯಂತ್ರವೇ ಮಾಡಿಬಿಟ್ಟರೆ?

ಜೆ.ಪಿ. ನಗರದ ಮೂರನೇ ಮಹಡಿಯ ಆ ಮನೆಯ ಕಿಟಕಿಯಾಚೆ ಹೊಂಗೆ ಮರ ಆಗಿನ್ನೂ ನಿದ್ದೆಯಲ್ಲಿರುತ್ತಿತ್ತು. ಕೆಳಗೆ ಹಾಲಿನ ಕ್ರೇಟುಗಳನ್ನು ಇಳಿಸುವ ಸದ್ದು ಯಾರದೋ ಕನಸಿನೊಳಗಿಂದ ತೇಲಿ ಬಂದಂತೆ ಬರುತ್ತಿತ್ತು. ವಿಭಾಳ ಒಂದು ತೋಳಿನಲ್ಲಿ ಮಗು, ಇನ್ನೊಂದು ಕೈಯಲ್ಲಿ ಫೋನು, ಫೋನಿನಲ್ಲಿ ತಮ್ಮ ನರೇಂದ್ರ ಕಳಿಸಿದ ಸುದ್ದಿ. ನರೇಂದ್ರ ಬಿಟಿಎಂ ಲೇಔಟಿನ ಒಂದು ಸ್ಟಾರ್ಟಪ್ಪಿನಲ್ಲಿದ್ದ. (ಆ ಸ್ಟಾರ್ಟಪ್ಪು ಏನು ಮಾಡುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿಲ್ಲವೆಂಬುದು ಅವನ ಭಾವನ ಅನುಮಾನ.) ಜಗತ್ತಿನಲ್ಲಿ ಎಲ್ಲೇ ಒಂದು ನೌಕರಿ ಸತ್ತರೂ ಅದರ ಸಾವಿನ ಸುದ್ದಿಯನ್ನು ಅಕ್ಕನಿಗೆ ಮುಟ್ಟಿಸುವುದು ತಮ್ಮನಾದವನ ಧರ್ಮವೆಂದು ಅವನು ತಿಳಿದಿದ್ದ. ‘ಅಕ್ಕ, ನೋಡಿದ್ಯಾ? ಇನ್ಮೇಲೆ ಕೋಡ್ ಬರೆಯೋರೇ ಬೇಡ್ವಂತೆ.’ ‘ಅಕ್ಕ, ಲಾಯರ್‌ಗಳೂ ಹೋದ್ರು.’

ಮಗಳ ಚಿಂತೆ ದೊಡ್ಡದು, ಗಂಭೀರವಾದದ್ದು, ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದದ್ದು. ಅದರ ಹಿಂದೆ ಇನ್ನೊಂದು ಚಿಕ್ಕ ಚಿಂತೆ ಅಡಗಿ ನಿಂತಿತ್ತು, ಪರದೆಯ ಹಿಂದೆ ಅವಿತ ಮಗುವಿನ ಹಾಗೆ, ಪಾದ ಮಾತ್ರ ಹೊರಗೆ ಕಾಣುವಂತೆ. ವಿಭಾಳ ಬಾಣಂತನದ ರಜೆ ಆ ವಾರಕ್ಕೆ ಮುಗಿಯುತ್ತಿತ್ತು. ಸೋಮವಾರದಿಂದ ಬರುತ್ತೀನೋ ಇಲ್ಲವೋ ಎಂದು ಮ್ಯಾನೇಜರ್ ಯುವರಾಜ್‌ಗೆ ಫೋನ್ ಮಾಡಿ ಹೇಳಬೇಕಿತ್ತು. ತರಕಾರಿ, ಸೊಪ್ಪು, ದಿನಸಿ ಮನೆಗೆ ತಲುಪಿಸುವ ಒಂದು ಆ್ಯಪಿನಲ್ಲಿ ಕನ್ನಡದ ಮಾತುಗಳನ್ನೆಲ್ಲ ಬರೆಯುತ್ತಿದ್ದವಳು ಅವಳು. ಸೊಪ್ಪು ಬಾಡಿದ್ದರೆ ‘ದಯವಿಟ್ಟು ಕ್ಷಮಿಸಿ’, ತಲುಪಿಸುವ ಹುಡುಗ ತಡವಾಗಿ ಬಂದರೆ ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’. ಊರಿಗೆಲ್ಲ ದಿನಾ ಕ್ಷಮೆ ಕೇಳುವ ಆ ಕೆಲಸವೆಂದರೆ ಅವಳಿಗೆ ಪ್ರಾಣ. ಹೋಗಲು ಆಸೆ ಬೇಕಾದಷ್ಟಿತ್ತು. ಆದರೆ ಫೋನ್ ಮಾಡಿದರೆ ಅವರು, ‘ಅಯ್ಯೋ ವಿಭಾ, ಅದನ್ನೀಗ ಎಐ ಮಾಡ್ತಿದೆ’ ಎಂದುಬಿಟ್ಟರೆ? ಫೋನೇ ಮಾಡದಿದ್ದರೆ ಅವರು ಹಾಗೆ ಹೇಳುವಂತಿಲ್ಲವಲ್ಲ.

“ಕಾನೂನಿದೆ ಕಣೆ, ರಜೆಯಲ್ಲಿದ್ದೋರನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ,” ಎನ್ನುತ್ತಿದ್ದ ಗಂಡ ಭೀಮೇಶ್. ಅವನು ಜಯನಗರದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ನ್ಯೂಟನ್ನನ ನಿಯಮಗಳು ಬದಲಾಗುವವರೆಗೆ ತಾನು ತಲೆ ಕೆಡಿಸಿಕೊಳ್ಳಬೇಕಿಲ್ಲವೆಂಬ ನೆಮ್ಮದಿಯಲ್ಲಿದ್ದ.

“ನನ್ನನ್ನ ತೆಗೆಯಲ್ಲ. ಕೆಲಸ ತೆಗೀತಾರೆ. ಖಾಲಿ ಕುರ್ಚಿ ಮೇಲೆ ಕೂತ್ಕೊಂಡು ನಾನೇನು ಫ್ಯಾನ್ ನೋಡ್ಲಾ?”

“ಧಾತ್ರಿ ನೋಡ್ತಿಲ್ವಾ, ಖುಷಿಯಾಗಿ?”

ಇಂಥ ಗಂಡನ ಜೊತೆ ತಂತ್ರಜ್ಞಾನ ಜಗತ್ತಿನ ಮಹಾವಿಪ್ಲವವನ್ನು ಚರ್ಚಿಸುವುದಾದರೂ ಹೇಗೆ? ಆದರೂ ಅವಳು ದಿನಾ ತಿಂಡಿಯ ಹೊತ್ತಿಗೆ ಪ್ರಯತ್ನಿಸುತ್ತಿದ್ದಳು.

“ಏಯ್, ಇಲ್ಲಿ ಕೇಳು,” ಎಂದಳು ಸೋಮವಾರ. (ಅತ್ತೆ ಅಡುಗೆಮನೆಯಲ್ಲಿದ್ದರೆ ‘ಏಯ್’, ಹೊರಗೆ ಬಂದರೆ ‘ರೀ’.) “ಎಐ ಮಾಡೋ ಕಂಪನಿಯ ಯಜಮಾನನೇ ಹೇಳಿದ್ದಾನೆ, ನಾನು ಮಾಡ್ತಿರೋದನ್ನ ನೋಡಿದ್ರೆ ನನಗೇ ಭಯ ಆಗುತ್ತೆ ಅಂತ.”

“ಭಯ ಆದ್ರೆ ಮಾಡೋದು ಬಿಡ್ಲಿ.”

“ಬಿಟ್ರೆ ಬೇರೆಯವ್ರು ಮಾಡ್ಬಿಡ್ತಾರಂತೆ. ಅದಕ್ಕೇ ಇವನೇ ಮೊದಲು ಮಾಡಿ, ಮೊದಲು ಭಯಪಡ್ತಾನಂತೆ.”

ಒಳಗಿನಿಂದ ಅತ್ತೆ ಸುಧಾಮಣಿಯವರ ದನಿ ಬಂತು. “ಉಪ್ಪಿಟ್ಟು ಬಡಿಸಿಟ್ಟು, ತಿಂದ್ರೆ ಏನಾಗುತ್ತೋ ನನಗೇ ಗೊತ್ತಿಲ್ಲಪ್ಪ ಅಂತ ನಾನೂ ಹೇಳ್ಲಾ?”

“ನೀನು ಹೇಳೋದೇನೂ ಬೇಡಮ್ಮ, ತಿಂದ ಮೇಲೆ ನಮಗೇ ಗೊತ್ತಾಗುತ್ತೆ,” ಎಂದ ಭೀಮೇಶ್. ಒಳಗೆ ಒಂದು ಪಾತ್ರೆ ಅಗತ್ಯಕ್ಕಿಂತ ಜೋರಾಗಿ ಕೆಳಗೆ ಕೂತಿತು.

ವಿಭಾಳಿಗೆ ಪ್ರತಿ ಸುದ್ದಿಯ ಮೇಲೂ ಒಂದು ಅಭಿಪ್ರಾಯವಿತ್ತು. ಸಾವಿರಾರು ಜನರನ್ನು ಒಂದೇ ಇಮೇಲಿನಲ್ಲಿ ಮನೆಗೆ ಕಳಿಸಿ, ಅವರ ಗೇಟ್ ಕಾರ್ಡುಗಳನ್ನೂ ಬಂದ್ ಮಾಡಿ, ‘ನಾವೆಲ್ಲ ಒಂದೇ ಕುಟುಂಬ’ ಎಂದು ಬರೆದಿದ್ದ ಕಂಪನಿಯ ಬಗ್ಗೆ ಅವಳು ಹೇಳಿದ್ದಿಷ್ಟು: ನಮ್ಮ ಕುಟುಂಬದಲ್ಲೂ ಜಗಳವಿದೆ, ಆದರೆ ಅತ್ತೆ ಯಾವತ್ತೂ ನನ್ನ ಗೇಟಿನ ಕೀಲಿ ಕೆಲಸ ಮಾಡದಂತೆ ಮಾಡಿಲ್ಲ. ಅಂಗಿ ಮಡಚುವ ರೋಬೋ ಒಂದರ ವೀಡಿಯೊವನ್ನು ಅವಳು ಮಗುವಿನ ಲಂಗೋಟಿ ಮಡಚುತ್ತ ನೋಡಿದ್ದಳು. ಅದು ಒಂದು ತೋಳನ್ನು ಎತ್ತಿ, ಧ್ಯಾನಿಸಿ, ಇಳಿಸುವಷ್ಟರಲ್ಲಿ ಇವಳ ಬುಟ್ಟಿ ಖಾಲಿಯಾಗಿತ್ತು. ವರ್ಷ ವರ್ಷಕ್ಕೂ ತೆಳ್ಳಗಾಗುವ ಫೋನಿನ ಸುದ್ದಿ ಬಂದ ದಿನ ಮಾತ್ರ ಅವಳು ಏನೂ ಹೇಳದೆ, ಕನ್ನಡಿಯ ಮುಂದೆ ನಿಂತು ನಿಟ್ಟುಸಿರು ಬಿಟ್ಟಳು.

ಈ ನಡುವೆ ಸುಧಾಮಣಿ ಪಂಚಾಂಗ ನೋಡಿ, ಶುಕ್ರವಾರ ಧಾತ್ರಿಗೆ ಅನ್ನಪ್ರಾಶನವೆಂದು ಸಾರಿದರು. ಮೊದಲ ತುತ್ತು ತಿನ್ನಿಸಿದ ಮೇಲೆ ಮಗುವಿನ ಮುಂದೆ ಒಂದು ತಟ್ಟೆ ಇಡುವುದು ಆ ಮನೆಯ ಪದ್ಧತಿ. ತಟ್ಟೆಯಲ್ಲಿ ಪುಸ್ತಕ, ಪೆನ್ನು, ಚಿನ್ನ, ಒಂದು ಹಿಡಿ ಮಣ್ಣು. ಮಗು ಮೊದಲು ಯಾವುದನ್ನು ಹಿಡಿಯುತ್ತದೋ ಅದೇ ಅದರ ಜೀವನೋಪಾಯ. ಇದಕ್ಕೆ ಮನೆಯಲ್ಲೇ ಪುರಾವೆಯಿತ್ತು. ಭೀಮೇಶ್ ಪುಸ್ತಕ ಹಿಡಿದಿದ್ದ, ಮೇಷ್ಟ್ರಾದ. ಅವನ ಅಣ್ಣ ತಟ್ಟೆಯನ್ನೇ ಲೆಕ್ಕಿಸದೆ ಪಾಯಸದ ಬಟ್ಟಲಿಗೆ ಕೈ ಹಾಕಿದ್ದ, ಈಗ ಸುಬ್ರಹ್ಮಣ್ಯಪುರದಲ್ಲಿ ಕೇಟರಿಂಗ್ ನಡೆಸುತ್ತಾನೆ.

ಕಾನ್ವೆಂಟಿನಲ್ಲಿ ಓದಿದ ವಿಭಾ ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ನಂಬದೆ ಇರುವಷ್ಟು ಧೈರ್ಯವೂ ಅವಳಿಗಿರಲಿಲ್ಲ. ಪುಸ್ತಕ, ಪೆನ್ನು ಎರಡನ್ನೂ ಎಐ ನುಂಗಿ ನೀರು ಕುಡಿದಾಗಿದೆ. ಇನ್ನು ಬೆಂಗಳೂರಿನಲ್ಲಿ ಮಣ್ಣು ಎಲ್ಲಿದೆ? ಇಂಥ ಹಳೇ ತಟ್ಟೆಯ ಮುಂದೆ ಮಗಳನ್ನು ಕೂರಿಸುವುದೆಂದರೆ ಗೊತ್ತಿದ್ದೂ ಗೊತ್ತಿದ್ದೂ ನಿರುದ್ಯೋಗಕ್ಕೆ ತಳ್ಳಿದಂತೆ. ಆಗ ಅವಳಿಗೆ ಆ ದಿವ್ಯವಾದ ಆಲೋಚನೆ ಹೊಳೆಯಿತು. ಯಾವ ಯಂತ್ರವೂ ಕಸಿದುಕೊಳ್ಳಲಾಗದ ಕಸುಬನ್ನು ತಟ್ಟೆಗೆ ಸೇರಿಸಬೇಕು, ಮಗು ಅದನ್ನೇ ಹಿಡಿಯುವಂತೆ ಮೊದಲೇ ಅಭ್ಯಾಸ ಮಾಡಿಸಬೇಕು.

ಆ ದಿನದ ನರೇಂದ್ರನ ಸುದ್ದಿಯ ಪ್ರಕಾರ ಉಳಿಯುವವರು ಪ್ಲಂಬರುಗಳು ಮಾತ್ರ. ವಿಭಾ ಗಂಡನ ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತೆಗೆದು, ಹಾಲಿನ ಬಾಟಲಿ ಕುದಿಸುವ ಸ್ಟೆರಿಲೈಸರಿನಲ್ಲಿಟ್ಟು ಶುದ್ಧಿ ಮಾಡಿ, ಕೆಂಪು ರಿಬ್ಬನ್ ಕಟ್ಟಿದಳು. ಮಗು ಅದನ್ನು ಮುಟ್ಟಿದರೆ ಚಪ್ಪಾಳೆ. ಮಧ್ಯಾಹ್ನ ಮಗುವಿನ ಪಕ್ಕ ಒರಗಿದಾಗ, ಕಣ್ಣು ಅರ್ಧ ಮುಚ್ಚಿದಾಗ, ಅವಳಿಗೆ ಆ ಭವಿಷ್ಯ ನಿಚ್ಚಳವಾಗಿ ಕಂಡಿತು. ಹೂ ಬಿಟ್ಟ ಮರಗಳ ಕೆಳಗೆ ಧಾತ್ರಿ ಜಯನಗರ ನಾಲ್ಕನೇ ಬ್ಲಾಕಿಗೆ ನಡೆದು ಬರುತ್ತಿದ್ದಾಳೆ. ಸೊಂಟದಲ್ಲಿ ಬೆಳ್ಳಿಯ ಸ್ಪ್ಯಾನರ್. ಕೆಲಸ ಕಳೆದುಕೊಂಡ ಇಂಜಿನಿಯರುಗಳು ಎರಡೂ ಬದಿಗೆ ಸರಿದು ದಾರಿ ಬಿಡುತ್ತಿದ್ದಾರೆ. ಮನೆಮನೆಯ ನಲ್ಲಿಗಳು ಅವಳನ್ನು ಕಂಡು ತೊಟ್ಟಿಕ್ಕುವುದನ್ನು ನಿಲ್ಲಿಸಿ ಮೌನವಾಗುತ್ತಿವೆ.

ಮಂಗಳವಾರ ಪೈಪಿನೊಳಗೆ ತೂರುವ ಹಾವಿನಂಥ ರೋಬೋ ಬಂದಿದೆಯೆಂದು ಸುದ್ದಿ ಬಂತು. ಬೆಳ್ಳಿಯ ಸ್ಪ್ಯಾನರ್ ಕರಗಿಹೋಯಿತು. ಅದರ ಜಾಗಕ್ಕೆ ಆಟಿಕೆ ಅಂಗಡಿಯ ಸ್ಟೆತಸ್ಕೋಪು ಬಂದು ಸ್ಟೆರಿಲೈಸರಿಗೆ ಇಳಿಯಿತು. ಬುಧವಾರ, ಯಂತ್ರ ಡಾಕ್ಟರರಿಗಿಂತ ಚೆನ್ನಾಗಿ ಎಕ್ಸ್‌ರೇ ಓದುತ್ತದಂತೆ. ಸ್ಟೆತಸ್ಕೋಪು ಹೋಗಿ ಸೌಟು ಬಂತು. ಗುರುವಾರ ಬೆಳಗ್ಗೆ ಯಾವುದೋ ದೇಶದಲ್ಲಿ ಯಂತ್ರವೊಂದು ದೋಸೆ ಮಗುಚುತ್ತಿರುವ ವೀಡಿಯೊ.

“ದಿನಾ ಒಂದೊಂದು ಹೇಳ್ಕೊಟ್ರೆ ಮಗು ಕನ್‌ಫ್ಯೂಸ್ ಆಗುತ್ತೆ,” ಎಂದ ಭೀಮೇಶ್.

“ಕನ್‌ಫ್ಯೂಸ್ ಆಗಿರೋದು ಇಂಡಸ್ಟ್ರಿ ರೀ. ಮಗು ಏನು ಮಾಡುತ್ತೆ ಪಾಪ.” (ಅತ್ತೆ ಹೊರಗೆ ಬಂದಿದ್ದರು.)

“ಯುವರಾಜ್‌ಗೆ ಫೋನ್ ಮಾಡಿದ್ಯಾ?”

“ಮಗು ಎದ್ದಿದೆ.”

“ನಿನ್ನೆ ಕೇಳಿದಾಗ ಮಲಗಿದೆ ಅಂದೆ.”

“ಎರಡೇ ತಾನೇ ಅದು ಮಾಡೋದು? ಎರಡರಲ್ಲೂ ಫೋನ್ ಮಾಡೋಕೆ ಆಗಲ್ಲ.”

ಸುಧಾಮಣಿ ಸೊಸೆಯ ಮುಖವನ್ನೊಮ್ಮೆ, ಬೀರುವಿನ ಕಡೆಗೊಮ್ಮೆ ನೋಡಿ ಒಳಗೆ ಹೋದರು.

ಶುಕ್ರವಾರ ಬೆಳಗ್ಗೆ ಮನೆಯೆಲ್ಲ ತುಪ್ಪದ, ಏಲಕ್ಕಿಯ ಘಮ. ಕಿಟಕಿಯಿಂದ ಬಂದ ಎಳೆಬಿಸಿಲು ರಂಗೋಲಿಯ ಮೇಲೆ ಮಲಗಿತ್ತು. ಸೋದರಮಾವನಾದ ನರೇಂದ್ರ ಪಂಚೆಯುಟ್ಟು, ಅದು ಬಿಚ್ಚಿಹೋಗದಂತೆ ಆಫೀಸಿನ ಬೆಲ್ಟು ಬಿಗಿದುಕೊಂಡು, ಧಾತ್ರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಬೆಳ್ಳಿ ಚಮಚದ ಪಾಯಸ ನಾಲಿಗೆಗೆ ತಾಗಿದೊಡನೆ ಧಾತ್ರಿ ಕಣ್ಣರಳಿಸಿ, ಇಷ್ಟು ದಿನ ಇದನ್ನು ಯಾಕೆ ಮುಚ್ಚಿಟ್ಟಿದ್ದಿರಿ ಎಂಬಂತೆ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು.

ತಟ್ಟೆ ಬಂತು. ಒಂದೇ ಕಸುಬನ್ನು ನಂಬಿ ಕೂರಲಾಗದೆ ವಿಭಾ ಎಲ್ಲವನ್ನೂ ಜೋಡಿಸಿದ್ದಳು. ಅತ್ತೆಯ ಪುಸ್ತಕ, ಪೆನ್ನು, ಚಿನ್ನದ ಉಂಗುರ, ಮಣ್ಣಿನ ಪಕ್ಕದಲ್ಲಿ ಸ್ಪ್ಯಾನರು, ಸ್ಟೆತಸ್ಕೋಪು, ಸೌಟು.

“ಅಕ್ಕ, ಸ್ಪ್ಯಾನರ್ ಔಟ್ ಆಯ್ತಲ್ವಾ?” ಎಂದ ನರೇಂದ್ರ.

“ನೀನು ಬಾಯ್ಮುಚ್ಚು. ಮಗು ಕೇಳಿಸ್ಕೊಳ್ಳುತ್ತೆ.”

ಧಾತ್ರಿ ಮುಂದಕ್ಕೆ ಬಾಗಿದಳು. ಪುಟ್ಟ ಕೈ ಉಂಗುರದ ಮೇಲೆ ಸುಳಿಯಿತು. ಸೌಟಿನ ಮೇಲೆ ಸುಳಿಯಿತು. ವಿಭಾಳ ಕಣ್ಣ ಮುಂದೆ ಮಗಳ ಹೋಟೆಲೊಂದು ಮೇಲೆದ್ದು ನಿಂತಿತು, ಹೊರಗೆ ದೂರದವರೆಗೆ ಸಾಲು, ಗಲ್ಲಾಪೆಟ್ಟಿಗೆಯ ಹಿಂದೆ ತಾನು, ವಯಸ್ಸಾಗಿದೆ, ಚಿಂತೆಯೇ ಇಲ್ಲ. ಕೈ ಸೌಟನ್ನೂ ದಾಟಿತು. ಪುಸ್ತಕದ ಅಡಿಯಿಂದ ಇಣುಕುತ್ತಿದ್ದ ನೀಲಿ ಪಟ್ಟಿಯೊಂದನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿತು.

ಪಟ್ಟಿಯ ತುದಿಯಲ್ಲಿ ಬಂದದ್ದು ಆಫೀಸಿನ ಐಡಿ ಕಾರ್ಡು. ವಿಭಾಳದು.

“ಇದನ್ನ ಯಾರು ಇಟ್ರು?” ಎಂದಳು ವಿಭಾ.

“ನಾನೇ,” ಎಂದರು ಸುಧಾಮಣಿ, ಏನೂ ಆಗಿಲ್ಲವೆಂಬಂತೆ ಕುಂಕುಮದ ಬಟ್ಟಲು ಸರಿಸುತ್ತ. “ಬೀರುವಿನ ಹಿಡೀಲಿ ನೇತಾಡ್ತಿತ್ತು. ಪ್ಲಂಬರ್, ಡಾಕ್ಟ್ರು, ಅಡುಗೆಯೋರು, ಊರಿನವರ ಕಸುಬೆಲ್ಲ ತಟ್ಟೇಲಿ ಇದೆ. ಮಗೂನ ಹೆತ್ತವಳದು ಮಾತ್ರ ಇಲ್ಲ. ಚೆನ್ನಾಗಿರುತ್ತೇನಮ್ಮ?”

“ಅತ್ತೆ, ಅದು ಇರೋ ಕೆಲಸ ಅಲ್ಲ, ಹೋಗೋ ಕೆಲಸ. ಮಗು ಅದನ್ನ ಹಿಡಿಬಾರದಿತ್ತು. ಇನ್ನೊಂದ್ಸಲ ಇಡೋಣ, ಇದು ಲೆಕ್ಕಕ್ಕಿಲ್ಲ.”

“ಹೋಗಿದೆ ಅಂತ ಅವ್ರು ಹೇಳಿದ್ರಾ, ನೀನೇ ಅಂದ್ಕೊಂಡ್ಯಾ?”

ವಿಭಾ ಕಾರ್ಡನ್ನು ಬಿಡಿಸಿಕೊಳ್ಳಲು ಬಗ್ಗಿದಳು. ಧಾತ್ರಿ ಬಿಡಲಿಲ್ಲ. ಅವಳು ಅದರ ಮೇಲಿನ ಫೋಟೊವನ್ನು ನೋಡುತ್ತಿದ್ದಳು. ಕೆಲಸಕ್ಕೆ ಸೇರಿದ ದಿನ ತೆಗೆದದ್ದು, ಬಾಚಿದ ತಲೆಯ, ನಿದ್ದೆ ಮಾಡಿ ಎದ್ದ, ಬಾಯಿ ತುಂಬ ನಗುತ್ತಿರುವ ವಿಭಾ. ಇಂಥವಳೊಬ್ಬಳನ್ನು ಈ ಮನೆಯಲ್ಲಿ ನೋಡಿಯೇ ಇಲ್ಲವಲ್ಲ ಎಂಬಂತೆ ಮಗು ಕಾರ್ಡನ್ನು ನೋಡಿತು, ಅಮ್ಮನನ್ನು ನೋಡಿತು, ಮತ್ತೆ ಕಾರ್ಡನ್ನು ನೋಡಿ ಅದಕ್ಕೇ ನಕ್ಕಿತು.

“ಆಯ್ತು ಬಿಡು,” ಎಂದ ಭೀಮೇಶ್ ಮೆಲ್ಲಗೆ. “ನೀನು ಹೋಗದೆ ಇದ್ರೆ ಸೋಮವಾರದಿಂದ ಇವಳನ್ನೇ ಕಳಿಸೋಣ. ಫೋಟೊ ಒಂದು ಬದಲಾಯಿಸಿದ್ರೆ ಆಯ್ತು.”

ಎಲ್ಲರೂ ನಕ್ಕರು. ವಿಭಾಳಿಗೂ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅವಳು ಫೋನು ಎತ್ತಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಹೊಂಗೆಯ ಎಲೆಗಳ ಮೇಲೆ ಬಿಸಿಲು ನೀರಿನಂತೆ ಅಲುಗುತ್ತಿತ್ತು. ಯುವರಾಜ್ ಎತ್ತದಿರಲಿ ಎಂದು ಬೇಡಿಕೊಳ್ಳುತ್ತಲೇ ನಂಬರು ಒತ್ತಿದಳು. ಅವರು ಮೊದಲ ರಿಂಗಿಗೇ ಎತ್ತಿದರು.

“ವಿಭಾ. ಅಬ್ಬ. ನಾನೇ ಮಾಡ್ಬೇಕು ಅಂತಿದ್ದೆ, ರಜೇಲಿರೋರಿಗೆ ಯಾಕೆ ತೊಂದ್ರೆ ಅಂತ ಸುಮ್ನಿದ್ದೆ.”

“ಯುವರಾಜ್, ನನ್ನ ಕೆಲಸ ಇದೆಯಾ? ನೇರವಾಗಿ ಹೇಳ್ಬಿಡಿ.”

“ನಿಮ್ಮ ಕೆಲಸ ಎಐಗೆ ಕೊಟ್ವಿ.”

ವಿಭಾ ಬಾಲ್ಕನಿಯ ಕಂಬಿ ಹಿಡಿದುಕೊಂಡಳು.

“ಕೊಟ್ವಿ, ಅನುಭವಿಸ್ತಿದೀವಿ,” ಎಂದು ಯುವರಾಜ್ ಮುಂದುವರಿಸಿದರು. “ಮೊನ್ನೆ ಬನಶಂಕರೀಲಿ ಒಬ್ರು ರಿಟೈರ್ಡ್ ಹೆಡ್‌ಮಾಸ್ಟರ್‌ಗೆ ಕೊತ್ತಂಬರಿ ಸೊಪ್ಪು ತಲುಪಲಿಲ್ಲ. ಕ್ಷಮೆ ಕೇಳು ಅಂದ್ರೆ ಇದು ಏನಂತ ಕಳಿಸ್ತು ಗೊತ್ತಾ? ‘ಇವತ್ತೊಂದಿನ ಅಡ್ಜಸ್ಟ್ ಮಾಡ್ಕೋ ಗುರು’. ಅವ್ರು ಆಫೀಸಿಗೇ ಬಂದು ನಮ್ಮನ್ನೆಲ್ಲ ನಿಲ್ಲಿಸಿ ವ್ಯಾಕರಣ ಕೇಳಿದ್ರು.”

“ಅಯ್ಯೋ. ಎಲ್ಲಿ ಕಲೀತು ಅದು?”

“ಯಾರಿಗೆ ಗೊತ್ತು? ಬೀದೀಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳುತ್ತೆ, ಆಮೇಲೆ ದೊಡ್ಡೋರ ಮುಂದೆ ಕಕ್ಕುತ್ತೆ. ಒಂದು ನಿಮಿಷ ಒಂಟಿಯಾಗಿ ಬಿಡೋ ಹಾಗಿಲ್ಲ. ಪಕ್ಕದಲ್ಲೇ ಒಬ್ರು ಕೂತು, ಹಾಗನ್ಬಾರ್ದು ಹೀಗನ್ಬೇಕು ಅಂತ ತಾಳ್ಮೆಯಿಂದ ಹೇಳ್ಕೊಡ್ಬೇಕು. ಇಡೀ ಆಫೀಸಲ್ಲಿ ಎಲ್ಲ ಬ್ಯಾಚುಲರ್‌ಗಳು ವಿಭಾ, ಯಾರಿಗೂ ಅಭ್ಯಾಸ ಇಲ್ಲ. ನೀವಾದ್ರೆ ಆರು ತಿಂಗಳಿಂದ ಅದನ್ನೇ ಮಾಡ್ತಿದ್ದೀರ. ಸೋಮವಾರ ಬಂದ್ಬಿಡಿ, ಅದನ್ನ ಪೂರ್ತಿ ನಿಮ್ಮ ಕೈಗೇ ಕೊಡ್ತೀನಿ.”

ವಿಭಾ ಬಾಗಿಲ ಗಾಜಿನೊಳಗಿಂದ ಮನೆಯನ್ನು ನೋಡಿದಳು. ಧಾತ್ರಿ ಸೋದರಮಾವನ ತೊಡೆಯ ಮೇಲೆ, ಪಾಯಸದ ಮೀಸೆಯೊಡನೆ, ಕಾರ್ಡನ್ನು ಅಪ್ಪಿಕೊಂಡು ತೂಕಡಿಸುತ್ತಿದ್ದಳು.

“ಬರ್ತೀನಿ,” ಎಂದಳು. ಆಮೇಲೆ, ತಾಯಂದಿರು ತಾಯಂದಿರನ್ನು ಕೇಳುವ ದನಿಯಲ್ಲಿ, “ಮಧ್ಯಾಹ್ನ ಸ್ವಲ್ಪ ಹೊತ್ತಾದ್ರೂ ಮಲಗುತ್ತಾ ಅದು?”

“ಏನು ಕೇಳ್ತೀರ ವಿಭಾ,” ಎಂದರು ಯುವರಾಜ್ ಹೆಮ್ಮೆಯಿಂದ. “ಅದು ಮಲಗೋದೇ ಇಲ್ಲ ಅಂತ ತಾನೇ ನಾವು ತಂದಿದ್ದು.”